ಟೊಮೆಟೊ ಗಿಡ ನನ್ನೆತ್ತರ ಆಗಿದೆ, ಕಾಯಿ ನಾಲ್ಕೇ ನಾಲ್ಕು, ಅದರ ಬುಡವೂ ಕಪ್ಪು

ಸುಮ್ನೆ_ನೆಟ್ಟೆ:

ಎಲ್ಲರಿಗೂ ನಮಸ್ಕಾರ. ಬಾಲ್ಕನಿಯಲ್ಲಿ ಕುಂಡ ಇಟ್ಟುಕೊಂಡು ಗಿಡ ಬೆಳೆಸಲು ಶುರು ಮಾಡಿ ನಾಲ್ಕು ತಿಂಗಳಾಯಿತು. ಮೊದಲು ಖುಷಿ ವಿಷಯ ಹೇಳಿಬಿಡುತ್ತೇನೆ. ಬೆಂಡೆ ಎರಡು ಗಿಡ ಇವೆ, ದಿನ ಬಿಟ್ಟು ದಿನ ಎರಡೋ ಮೂರೋ ಕಾಯಿ ಕೊಡುತ್ತಿವೆ. ಒಂದು ದಿನ ಕೀಳೋದು ಮರೆತರೆ ಮರುದಿನಕ್ಕೆ ಕಾಯಿ ಬಲಿತು ಮುರಿಯೋಕೇ ಬರಲ್ಲ, ಅಷ್ಟು ಬೇಗ ಬೆಳೆಯುತ್ತದೆ ಅಂತ ಗೊತ್ತೇ ಇರಲಿಲ್ಲ. ಪಾಲಕ್ ಎರಡು ಸಲ ಕತ್ತರಿಸಿದ್ದಾಯಿತು, ಮೂರನೇ ಸಲಕ್ಕೆ ಚಿಗುರಿದೆ. ಕೊತ್ತಂಬರಿ ಮಾತ್ರ ಎರಡು ಸಲ ಹಾಕಿದರೂ ಏಳಲಿಲ್ಲ, ಅದನ್ನ ಬಿಟ್ಟೆ.

ಈಗ ಗೋಳು. ಟೊಮೆಟೊ. ಬೀಜದಿಂದ ನಾನೇ ಎಬ್ಬಿಸಿದ ಸಸಿಗಳು, ಮೂರು ಉಳಿದವು. ಎಲೆ ನೋಡಿದರೆ ದೃಷ್ಟಿ ತಾಗಬೇಕು, ಅಷ್ಟು ಕಡು ಹಸಿರು, ಕಾಂಡ ಹೆಬ್ಬೆರಳಿನಷ್ಟು ದಪ್ಪ. ಹೂವೂ ಗೊಂಚಲು ಗೊಂಚಲಾಗಿ ಬರುತ್ತದೆ. ಆದರೆ ಎರಡು ಮೂರು ದಿನಕ್ಕೆ ತೊಟ್ಟಿನ ಗಂಟಿನ ಹತ್ತಿರ ಹಳದಿಯಾಗಿ ಟಪ್ ಅಂತ ಉದುರುತ್ತದೆ. ಬೆಳಿಗ್ಗೆ ಎದ್ದು ನೆಲ ಗುಡಿಸುವಾಗ ಹೂವೇ ಜಾಸ್ತಿ. ಮೂರು ಗಿಡ ಸೇರಿ ಕಚ್ಚಿದ್ದು ನಾಲ್ಕು ಕಾಯಿ. ಆ ನಾಲ್ಕರಲ್ಲಿ ಮೂರರ ತಳ ಮೊದಲು ನೀರು ಕುಡಿದ ಹಾಗೆ ಮಬ್ಬಾಯಿತು, ಆಮೇಲೆ ಕಂದು, ಈಗ ಕಪ್ಪಗೆ ಚಪ್ಪಟೆಯಾಗಿ ಚರ್ಮದ ಚೂರು ಅಂಟಿಸಿದ ಹಾಗಿದೆ.

ಕೇಳಿದ್ದು ನೋಡಿದ್ದು ಎಲ್ಲಾ ಮಾಡಿದ್ದೇನೆ. ಮೊಟ್ಟೆ ಚಿಪ್ಪು ಪುಡಿ ಮಾಡಿ ಹಾಕಿದೆ. ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು ಹಾಕಿದೆ. ಕಾಫಿ ಚರಟ ಹಾಕಿದೆ. ಎಪ್ಸಮ್ ಸಾಲ್ಟ್ ವಾರಕ್ಕೊಂದು ಚಮಚ. ಎರೆಗೊಬ್ಬರ ವಾರಕ್ಕೆ ಎರಡು ಹಿಡಿ. ಈಗ ಕುಂಡದ ಸುತ್ತ ಸಣ್ಣ ಕಪ್ಪು ನೊಣ ಬೇರೆ ಹಾರಾಡುತ್ತಿವೆ, ಮನೆಯವರು ನನ್ನನ್ನೇ ಒಂಥರಾ ನೋಡುತ್ತಿದ್ದಾರೆ. ಇನ್ನೇನು ಹಾಕಲಿ ಹೇಳಿ.

ಎರೆಹುಳು:

ಏನೂ ಹಾಕಬೇಡಿ. ಇನ್ನೊಂದು ಚಮಚ ಏನಾದರೂ ಹಾಕುವ ಮೊದಲು ಈ ನಾಲ್ಕಕ್ಕೆ ಉತ್ತರ ಕೊಡಿ. ಕುಂಡ ಎಷ್ಟು ದೊಡ್ಡದು? ನೀರು ಯಾವಾಗ, ಎಷ್ಟು? ಬಿಸಿಲು ಎಷ್ಟು ಗಂಟೆ? ಕುಂಡದ ಕೆಳಗೆ ತಟ್ಟೆ ಇಟ್ಟಿದ್ದೀರಾ?

ಸುಮ್ನೆ_ನೆಟ್ಟೆ:

10 ಲೀಟರ್ ಬಕೆಟ್, ತಳಕ್ಕೆ ಒಂದು ತೂತು. ಬೆಳಿಗ್ಗೆ ಒಂದು ಮಗ್ ನೀರು, ಸಂಜೆ ಬಾಡಿದ್ದರೆ ಇನ್ನೊಂದು. ಶನಿವಾರ ಭಾನುವಾರ ನಾನು ಮನೆಯಲ್ಲಿ ಇರೋದು ಕಡಿಮೆ, ಹಾಗಾಗಿ ಶುಕ್ರವಾರ ರಾತ್ರಿ ಜಾಸ್ತಿ ಹಾಕಿ ಹೋಗುತ್ತೇನೆ. ಭಾನುವಾರ ರಾತ್ರಿ ಬಂದಾಗ ಜೋತು ಬಿದ್ದಿರುತ್ತವೆ, ಆಗ ಕುಂಡ ತುಂಬಿಸಿಬಿಡುತ್ತೇನೆ, ಬೆಳಿಗ್ಗೆಗೆ ಎದ್ದು ನಿಂತಿರುತ್ತವೆ. ಬಿಸಿಲು 6 ಗಂಟೆ ಇರಬಹುದು. ತಟ್ಟೆ ಇದೆ, ನೆಲ ಕೊಳೆಯಾಗುತ್ತೆ ಅಂತ.

ಎರೆಹುಳು:

ಸಿಕ್ಕಿತು ನೋಡಿ. ನಿಮ್ಮ ಭಾನುವಾರ ರಾತ್ರಿಯೇ ಆ ಕಪ್ಪು ಬುಡ.

ಇದು ರೋಗ ಅಲ್ಲ, ಹುಳವೂ ಅಲ್ಲ. ಬ್ಲಾಸಮ್ ಎಂಡ್ ರಾಟ್ ಅಂತಾರೆ. ಒಂದು ಕಾಯಿಂದ ಇನ್ನೊಂದಕ್ಕೆ ಹರಡಲ್ಲ, ಔಷಧಿ ಹೊಡೆದರೆ ಹೋಗೋದೂ ಇಲ್ಲ. ಕಾಯಿಯ ತುದಿಗೆ ಕ್ಯಾಲ್ಸಿಯಂ ತಲುಪದೆ ಅಲ್ಲಿನ ಭಾಗ ಸಾಯುತ್ತದೆ, ಅಷ್ಟೇ. ತಕ್ಷಣ ಎಲ್ಲರೂ ಮಾಡೋದು ನೀವು ಮಾಡಿದ್ದನ್ನೇ, ಕ್ಯಾಲ್ಸಿಯಂ ಸುರಿಯೋದು. ಆದರೆ ಮಣ್ಣಲ್ಲಿ ಕ್ಯಾಲ್ಸಿಯಂ ಇದ್ದೇ ಇರುತ್ತದೆ ಬಹಳ ಸಲ. ಕೊರತೆ ಇರೋದು ಗಾಡಿಯದು. ಕ್ಯಾಲ್ಸಿಯಂ ಗಿಡದೊಳಗೆ ನೀರಿನ ಜೊತೆಯೇ ಮೇಲೆ ಹೋಗಬೇಕು, ಬೇರೆ ದಾರಿ ಇಲ್ಲ. ಎಲೆ ಬಿಸಿಲಿಗೆ ಬೆವರಿ ನೀರನ್ನು ಜೋರಾಗಿ ಎಳೆದುಕೊಳ್ಳುತ್ತದೆ. ಕಾಯಿ ಅಷ್ಟು ಬೆವರಲ್ಲ, ಅದಕ್ಕೆ ಬರೋದೇ ಸ್ವಲ್ಪ. ಕಾಯಿಯಲ್ಲೂ ತೊಟ್ಟಿನಿಂದ ದೂರ ಇರೋದು ತಳ, ಸಾಲಿನ ಕೊನೆಯಲ್ಲಿ ನಿಂತವನಿಗೆ ಸಿಕ್ಕಿದರೆ ಸಿಕ್ಕಿತು. ಎರಡು ದಿನ ಕುಂಡ ಒಣಗಿದರೆ ಆ ಸ್ವಲ್ಪವೂ ನಿಂತಿತು. ಅದೇ ಹೊತ್ತಲ್ಲಿ ಕಾಯಿ ಗೋಲಿ ಗಾತ್ರದಲ್ಲಿ ಬೆಳೆಯುತ್ತಾ ಇದ್ದರೆ ತಳ ಹೋದ ಹಾಗೇ. ನಿಮಗೆ ಕಪ್ಪು ಕಾಣೋದು ಎಷ್ಟೋ ದಿನ ಆದಮೇಲೆ, ಆಗ ನಿನ್ನೆ ಏನಾಯ್ತು ಅಂತ ಹುಡುಕುತ್ತೀರಿ.

ಮೊಟ್ಟೆ ಚಿಪ್ಪು ಮಣ್ಣಲ್ಲಿ ಕರಗೋಕೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಬೇಕು. ಈ ಬೆಳೆಗೆ ಅದರಿಂದ ಒಳ್ಳೆಯದೂ ಇಲ್ಲ ಕೆಟ್ಟದ್ದೂ ಇಲ್ಲ. ಎಪ್ಸಮ್ ಸಾಲ್ಟ್ ಮಾತ್ರ ಇವತ್ತೇ ನಿಲ್ಲಿಸಿ. ಅದು ಮೆಗ್ನೀಸಿಯಂ. ಬೇರಿನ ಬಾಗಿಲಲ್ಲಿ ಕ್ಯಾಲ್ಸಿಯಂ ಜೊತೆ ಜಗಳಕ್ಕೆ ನಿಲ್ಲುತ್ತದೆ, ಅಂದರೆ ನೀವು ವಾರಾವಾರ ಸಮಸ್ಯೆಗೇ ಊಟ ಹಾಕಿದ್ದೀರಿ.

ಕಪ್ಪಾದ ಕಾಯಿ ಕಿತ್ತು ಹಾಕಿ, ಗಿಡ ಸುಮ್ನೆ ಅದಕ್ಕೆ ಖರ್ಚು ಮಾಡೋದು ಬೇಡ. ತಟ್ಟೆ ತೆಗೆಯಿರಿ, ಬಕೆಟ್ ತಳದ ಬದಿಗೆ ಇನ್ನೂ ನಾಲ್ಕು ತೂತು ಕೊರೆಯಿರಿ, ಬೇರಿಗೆ ತಾಗದ ಹಾಗೆ. ಮಣ್ಣಿನ ಮೇಲೆ ಎರಡು ಇಂಚು ಒಣ ಎಲೆ ಹೊದಿಸಿ, ಕಾಂಡಕ್ಕೆ ಅಂಟದ ಹಾಗೆ ಒಂದು ಬೆರಳು ಜಾಗ ಬಿಟ್ಟು. ಆಮೇಲೆ ಮಗ್ ಲೆಕ್ಕ ಬಿಡಿ. ಬೆಳಿಗ್ಗೆ ಬೆರಳು ಎರಡು ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ ನೋಡಿ. ತೇವ ಇದ್ದರೆ ಬೇಡ. ಒಣಗಿದ್ದರೆ ತಳದಿಂದ ನೀರು ಇಳಿಯುವವರೆಗೆ ನಿಧಾನಕ್ಕೆ ಹಾಕಿ. ಮೇಲ್ಮೇಲೆ ಒಂದು ಮಗ್ ದಿನಾ ಹಾಕಿದರೆ ಮೇಲಿನ ನಾಲ್ಕು ಇಂಚು ಕೆಸರು, ಕೆಳಗಿನ ಬೇರಿಗೆ ಏನೂ ಇಲ್ಲ. ಆ ಕಪ್ಪು ನೊಣ ಬಂದಿರೋದೂ ಮೇಲಿನ ಆ ಕೆಸರಿಗೇ, ಅದರಲ್ಲಿ ಕೊಳೀತಾ ಇರೋ ಸಿಪ್ಪೆ ನೀರು ಚರಟಕ್ಕೇ. ಮೇಲಿನ ಒಂದು ಇಂಚು ಒಣಗೋಕೆ ಬಿಟ್ಟರೆ ಮರಿ ಆಗಲ್ಲ, ತಾವಾಗೇ ಕಡಿಮೆಯಾಗುತ್ತವೆ. ಹಾಗಾಗಿ ನೊಣ ಹೋಗುವವರೆಗೆ ಹೊದಿಕೆ ಹಾಕಬೇಡಿ, ಮೊದಲು ನೊಣ, ಆಮೇಲೆ ಎಲೆ.

ಇನ್ನೂ ಒಂದು. ಆಳೆತ್ತರದ ಟೊಮೆಟೊಗೆ 10 ಲೀಟರ್ ಸಾಲದು, 20 ಬೇಕು. ಆದರೆ ಈಗ ಹೂ ಬಿಟ್ಟ ಗಿಡ ಕಿತ್ತು ಬದಲಾಯಿಸೋಕೆ ಹೋಗಬೇಡಿ. ಮುಂದಿನ ಸಲಕ್ಕೆ ನೆನಪಿಟ್ಟುಕೊಳ್ಳಿ.

ಕುಂಡದಮಣ್ಣು:

ಎರೆಹುಳು ಅವರೇ, ಹೇಳಿದ್ದೆಲ್ಲ ಸರಿ, ಒಂದು ಮಾತ್ರ ಒಪ್ಪಲ್ಲ. ನಾನು ಆರು ವರ್ಷದಿಂದ ಚಿಪ್ಪು ಹಾಕುತ್ತಿದ್ದೇನೆ, ನನಗೆ ಬುಡ ಕಪ್ಪಾಗಿದ್ದೇ ಇಲ್ಲ.

ಎರೆಹುಳು:

ಕುಂಡದಮಣ್ಣು, ನೀವು ಹನಿ ನೀರಾವರಿ ಪೈಪ್ ಹಾಕಿಸಿಕೊಂಡವರು ಅಲ್ವಾ? ಟೈಮರ್ ಇಟ್ಟು ದಿನಾ ಒಂದೇ ಹೊತ್ತಿಗೆ ಹನಿ ಬೀಳುತ್ತದೆ. ಒಂದು ಕುಂಡಕ್ಕೆ ಚಿಪ್ಪು ಬಿಡಿ, ಪೈಪ್ ಇರಲಿ. ಇನ್ನೊಂದಕ್ಕೆ ಚಿಪ್ಪು ಹಾಕಿ, ಪೈಪ್ ಕೀಳಿ. ಆಮೇಲೆ ಮಾತಾಡೋಣ :)

ಕುಂಡದಮಣ್ಣು:

ಪೈಪ್ ಕೀಳೋ ಧೈರ್ಯ ಇಲ್ಲ. ಸೋತೆ. ಚಿಪ್ಪು ಮಾತ್ರ ಹಾಕೇ ಹಾಕುತ್ತೇನೆ, ಕೈಗೆ ಅಭ್ಯಾಸ ಆಗಿಹೋಗಿದೆ.

ತಾರಸಿತೋಟ:

ಕಾಯಿ ಕಥೆ ಆಯಿತು, ಹೂವಿನ ಬಗ್ಗೆ ಯಾರೂ ಹೇಳಲಿಲ್ಲ. ಹೂ ಉದುರೋಕೆ ನಿಮ್ಮ ವಿಷಯದಲ್ಲಿ ಮೂರು ಕಾರಣ ಕಾಣುತ್ತಿದೆ.

ದೊಡ್ಡದು ಗೊಬ್ಬರ. ಕಡು ಹಸಿರು ಎಲೆ, ದಪ್ಪ ಕಾಂಡ ಅಂತ ಹೆಮ್ಮೆಯಿಂದ ಬರೆದಿದ್ದೀರಿ, ನಾನೂ ಮೊದಲ ವರ್ಷ ಅದೇ ಫೋಟೊ ಎಲ್ಲರಿಗೂ ತೋರಿಸಿಕೊಂಡು ಓಡಾಡಿದ್ದೆ. ಅದು ಸಾರಜನಕ ಜಾಸ್ತಿಯಾದ ಗುರುತು. ಹೊಟ್ಟೆ ತುಂಬಿದ ಗಿಡ ಎಲೆ ಬಿಡುತ್ತಾ ಕೂರುತ್ತದೆ, ಬೀಜ ಮಾಡೋ ಆತುರ ಅದಕ್ಕೆ ಎಲ್ಲಿದೆ? ಎರೆಗೊಬ್ಬರ ತಿಂಗಳಿಗೆ ಎರಡು ಹಿಡಿ ಸಾಕು, ವಾರಕ್ಕಲ್ಲ. ಒಂದು ತಿಂಗಳು ಏನೂ ಕೊಡದೆ ಇದ್ದರೂ ನಡೆಯುತ್ತೆ ಈಗ.

ಎರಡನೆಯದು ಸೆಕೆ. ಹಗಲು 32 ಡಿಗ್ರಿ ದಾಟಿ, ರಾತ್ರಿಯೂ 24ಕ್ಕಿಂತ ಕೆಳಗೆ ಇಳಿಯದಿದ್ದರೆ ಟೊಮೆಟೊ ಹೂವಿನ ಪರಾಗ ಕೆಲಸಕ್ಕೆ ಬಾರದ ಹಾಗಾಗುತ್ತದೆ. ತೀರಾ ಚಳಿ, 13ರ ಕೆಳಗೆ ಹೋದರೂ ಹಾಗೇ. ಅಂಥ ದಿನಗಳಲ್ಲಿ ನೀವು ಏನೇ ಮಾಡಿದರೂ ಹೂ ಉದುರುತ್ತದೆ, ತಲೆ ಕೆಡಿಸಿಕೊಳ್ಳಬೇಡಿ, ಹವೆ ತಣ್ಣಗಾದ ವಾರವೇ ಕಚ್ಚುತ್ತದೆ. ಮಧ್ಯಾಹ್ನದ ಬಿಸಿಲಿಗೆ ತೆಳುವಾದ ಬಟ್ಟೆ ಅಡ್ಡ ಕಟ್ಟಿದರೆ ಸ್ವಲ್ಪ ಪ್ರಯೋಜನ ಇದೆ.

ಮೂರನೆಯದು ನನಗೆ ತುಂಬಾ ಇಷ್ಟವಾದದ್ದು. ಟೊಮೆಟೊ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಒಂದರಲ್ಲೇ ಇದೆ, ಇನ್ನೊಂದು ಹೂ ಬೇಕಿಲ್ಲ. ಆದರೆ ಪರಾಗ ಹೊರಗೆ ಮೆತ್ತಿಕೊಂಡಿರಲ್ಲ, ನಡುವಿನ ಹಳದಿ ಕೊಳವೆಯ ಒಳಗೆ ಉಪ್ಪಿನ ಡಬ್ಬಿಯಲ್ಲಿ ಇದ್ದ ಹಾಗೆ ಇರುತ್ತದೆ. ಅಲ್ಲಾಡಿಸಿದರೆ ಮಾತ್ರ ಉದುರುತ್ತದೆ. ಬಯಲಲ್ಲಿ ಗಾಳಿ ಅಲ್ಲಾಡಿಸುತ್ತದೆ, ಇಲ್ಲಾ ದಪ್ಪ ಕಪ್ಪು ದುಂಬಿ ಹೂವನ್ನು ಅಪ್ಪಿ ಹಿಡಿದು ಗುಂಯ್ ಅಂತ ಮೈ ನಡುಗಿಸುತ್ತದೆ. ಸಾಮಾನ್ಯ ಜೇನುನೊಣಕ್ಕೆ ಆ ವಿದ್ಯೆ ಬರಲ್ಲ. ಮೂರು ಕಡೆ ಗೋಡೆ ಇರೋ ಬಾಲ್ಕನಿಗೆ ಗಾಳಿಯೂ ಇಲ್ಲ, ದುಂಬಿಯೂ ಇಲ್ಲ. ಹಾಗಾಗಿ ಆ ಕೆಲಸ ನಿಮ್ಮದೇ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಒಂದು ಹತ್ತು ಗಂಟೆ ಹೊತ್ತಿಗೆ, ಗೊಂಚಲಿನ ತೊಟ್ಟಿಗೆ ಬೆರಳಿನಿಂದ ಟಕ ಟಕ ನಾಲ್ಕು ಸಲ ಹೊಡೆಯಿರಿ. ಬ್ಯಾಟರಿ ಟೂತ್‌ಬ್ರಶ್ ಇದ್ದರೆ ಅದರ ಹಿಂಭಾಗ ತೊಟ್ಟಿಗೆ ತಾಗಿಸಿ, ಇನ್ನೂ ಚೆನ್ನ. ನಂಬಿಕೆ ಬರದಿದ್ದರೆ ಹೂವಿನ ಕೆಳಗೆ ಫೋನ್ ಹಿಡಿಯಿರಿ, ಕಪ್ಪು ಪರದೆ ಮೇಲೆ ಅರಿಶಿನದ ಧೂಳಿನ ಹಾಗೆ ಬೀಳೋದು ಕಾಣುತ್ತೆ. ಮೊದಲ ಸಲ ನೋಡಿದಾಗ ನಾನು ಮನೆಯವರನ್ನೆಲ್ಲಾ ಕರೆದು ತೋರಿಸಿದ್ದೆ, ಯಾರಿಗೂ ನನ್ನಷ್ಟು ಖುಷಿ ಆಗಲಿಲ್ಲ.

ಎಲೆ_ಮೊಗ್ಗು:

ಇಲ್ಲೇ ಕೇಳಿಬಿಡುತ್ತೇನೆ, ಬೇರೆ ಪ್ರಶ್ನೆ ಹಾಕೋದು ಬೇಡ ಅಂತ. ನನ್ನ ಮೆಣಸಿನ ಗಿಡದ ಎಲೆ ಮುದುಡಿಕೊಂಡಿದೆ. ಕುಡಿಯಲ್ಲಿ ಹಸಿರು ಹೇನು ಕೂಡ ಇವೆ. ಜೊತೆಗೆ ಕಪ್ಪಗೆ ಉದ್ದಕ್ಕೆ, ಬೆನ್ನ ಮೇಲೆ ಕಿತ್ತಳೆ ಚುಕ್ಕೆ ಇರೋ ಅಸಹ್ಯದ ಹುಳ ಓಡಾಡುತ್ತಿದೆ, ಪುಟಾಣಿ ಮೊಸಳೆ ತರ. ಮೂರು ಹೊಸಕಿ ಹಾಕಿದೆ. ಯಾವ ಔಷಧಿ ಹೊಡೀಲಿ?

ತಾರಸಿತೋಟ:

ಅಯ್ಯೋ, ಆ ಮೊಸಳೆ ನಿಮ್ಮ ಕಡೆಯವನು! ಗುಲಗಂಜಿ ಹುಳದ ಮರಿ ಅದು. ದೊಡ್ಡದಾದ ಮೇಲೆ ಕೆಂಪಗೆ ಗುಂಡಗೆ ಚಂದ ಇರುತ್ತೆ, ಎಲ್ಲರೂ ಫೋಟೊ ತೆಗೀತಾರೆ. ಮರಿ ಇದ್ದಾಗ ಎಲ್ಲರೂ ಹೊಸಕುತ್ತಾರೆ. ಹೇನು ತಿನ್ನೋದರಲ್ಲಿ ಮರಿಯೇ ಜೋರು, ದೊಡ್ಡದಾಗುವಷ್ಟರಲ್ಲಿ ನೂರಾರು ಮುಗಿಸುತ್ತದೆ. ಅದು ಓಡಾಡುತ್ತಿರುವಷ್ಟು ದಿನ ಏನನ್ನೂ ಹೊಡೆಯಬೇಡಿ. ಇರುವೆ ಸಾಲು ಇದ್ದರೆ ಮಾತ್ರ ತಡೆಯಿರಿ, ಹೇನು ಬಿಡೋ ಸಿಹಿ ಅಂಟಿನ ಆಸೆಗೆ ಇರುವೆಗಳು ಹೇನನ್ನು ಹಸು ಕಾದ ಹಾಗೆ ಕಾಯುತ್ತವೆ, ಈ ಮರಿಯನ್ನು ಕಚ್ಚಿ ಓಡಿಸುತ್ತವೆ.

ಎಲೆ ಮುದುಡೋದು ಮೇಲಕ್ಕೋ ಕೆಳಕ್ಕೋ? ಮುಖ್ಯ ಅದು.

ಎಲೆ_ಮೊಗ್ಗು:

ಮೂರು ಕೊಂದೆನಲ್ಲಾ, ಪಾಪ. ಮೇಲಕ್ಕೆ, ದೋಣಿ ತರ.

ಎರೆಹುಳು:

ದೋಣಿ ನೆಟ್ಟಗಿದ್ದರೆ ಸಾಮಾನ್ಯವಾಗಿ ಥ್ರಿಪ್ಸ್, ಅಂದರೆ ಎಲೆಯ ರಸ ಹೀರೋ ಪುಟ್ಟ ಕೀಟ, ಮಗುಚಿದ ದೋಣಿ ಆಗಿದ್ದರೆ ನುಸಿ (ಮೈಟ್). ಬಿಳಿ ಕಾಗದ ಹಿಡಿದು ಅದರ ಮೇಲೆ ಕುಡಿ ತಟ್ಟಿ. ದಾರದ ತುಂಡಿನ ಹಾಗೆ ಸಣ್ಣಗೆ ಹಳದಿಯದು ಏನೋ ಹರಿದಾಡಿದರೆ ಥ್ರಿಪ್ಸ್ ಅಂತಲೇ. ತೀರಾ ಮುದುಡಿದ ಕುಡಿ ಚಿವುಟಿ ಮನೆಯಿಂದ ಆಚೆ ಹಾಕಿ, ಕುಂಡದಲ್ಲೇ ಬಿಸಾಕಬೇಡಿ. ನೀರಿನ ರಭಸಕ್ಕೆ ಎಲೆಯ ಹಿಂಭಾಗ ತೊಳೆಯಿರಿ, ಎರಡು ಮೂರು ದಿನಕ್ಕೊಮ್ಮೆ. ಅದಕ್ಕೂ ಬಗ್ಗದಿದ್ದರೆ ಬೇವಿನೆಣ್ಣೆ, ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 5 ಎಂಎಲ್. ಮೊದಲು ನೀರಿಗೆ ನಾಲ್ಕೈದು ಹನಿ ದ್ರವ ಸೋಪು ಹಾಕಿ ಕಲಕಿ, ಇಲ್ಲದಿದ್ದರೆ ಎಣ್ಣೆ ಬೇರೆ ನೀರು ಬೇರೆಯಾಗಿ ಒಂದು ಎಲೆ ಸುಟ್ಟು ಇನ್ನೊಂದು ಹಾಗೇ ಉಳಿಯುತ್ತೆ. ಸಂಜೆ ಹೊಡೆಯಿರಿ. ಮೊದಲು ಎರಡು ಎಲೆಗೆ ಹೊಡೆದು ಒಂದು ದಿನ ಕಾದು ನೋಡಿ. ಮತ್ತೆ, ಆ ಮೊಸಳೆ ಮರಿ ಇರೋ ಕೊಂಬೆ ಬಿಟ್ಟು.

ನಿಧಾನಿ:

ನನ್ನದು ಒಂದು ಚಿಕ್ಕ ವರದಿ. ಹೋದ ತಿಂಗಳು ಸೌತೆ ಬಳ್ಳಿಯಲ್ಲಿ ಹೂವೋ ಹೂವು, ಕಾಯಿ ಇಲ್ಲ ಅಂತ ಕಿತ್ತು ಹಾಕೋಕೆ ಹೋಗಿದ್ದೆ. ಆಮೇಲೆ ಗೊತ್ತಾಯಿತು, ಮೊದಲು ಬರೋದು ಬರೀ ಗಂಡು ಹೂವು. ಹೆಣ್ಣು ಹೂವಿನ ಹಿಂದೆ ಪುಟ್ಟ ಸೌತೆಕಾಯಿಯೇ ಅಂಟಿಕೊಂಡಿರುತ್ತೆ, ಗಂಡಿಗೆ ಬರೀ ತೊಟ್ಟು. ಈಗ ಬೆಳಿಗ್ಗೆ ಗಂಡು ಹೂ ಕಿತ್ತು ಎಸಳು ಬಿಡಿಸಿ ಹೆಣ್ಣು ಹೂವಿಗೆ ಮುಟ್ಟಿಸಿ ಬರುತ್ತೇನೆ, ಆರು ಕಾಯಿ ನಿಂತಿವೆ. ಹತ್ತು ಗಂಟೆ ಮೇಲೆ ಎದ್ದರೆ ಹೂ ಬಾಡಿರುತ್ತೆ, ಹಾಗಾಗಿ ಈ ಬಳ್ಳಿಯಿಂದ ನಾನು ಬೇಗ ಏಳೋಕೆ ಕಲಿತೆ.

ಕೊತ್ತಂಬರಿ ಬಗ್ಗೆ ಯಾರೋ ಕೈಬಿಟ್ಟೆ ಅಂದರಲ್ಲ. ಆ ಗುಂಡು ಕಾಳು ಒಂದು ಬೀಜ ಅಲ್ಲ, ಎರಡು. ಮೆಲ್ಲಗೆ ಒತ್ತಿ ಎರಡು ಹೋಳು ಮಾಡಿ, ಪುಡಿ ಮಾಡಬೇಡಿ. ರಾತ್ರಿ ನೆನೆಸಿ ಬೆಳಿಗ್ಗೆ ಹಾಕಿ, ಅರ್ಧ ಇಂಚು ಮಣ್ಣು ಮುಚ್ಚಿ. ಒಂದೂವರೆ ವಾರ, ಕೆಲವು ಸಲ ಎರಡು ವಾರ ತಗೊಳ್ಳುತ್ತೆ. ನೀವು ಬಹುಶಃ ಎಂಟನೇ ದಿನ ಮಣ್ಣು ಕೆದಕಿ ನೋಡಿರುತ್ತೀರಿ. ಆಮೇಲೆ ಅದನ್ನ ಕಿತ್ತು ನೆಡೋಕೆ ಹೋಗಬೇಡಿ, ಹಾಕಿದ ಕುಂಡದಲ್ಲೇ ಇರಲಿ, ಅದರ ತಾಯಿಬೇರಿಗೆ ಕೈ ತಾಗಿದರೆ ಮುನಿಸಿಕೊಳ್ಳುತ್ತೆ.

ಸುಮ್ನೆ_ನೆಟ್ಟೆ:

ಏಳನೇ ದಿನ ಕೆದಕಿದ್ದೆ. ಹೇಗೆ ಗೊತ್ತಾಯಿತು?

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತೂತು ಕೊರೆದೆ, ತಟ್ಟೆ ತೆಗೆದೆ. ತಟ್ಟೆಯಲ್ಲಿ ನಿಂತ ನೀರಿನ ವಾಸನೆ ಹೇಳೋಕಾಗಲ್ಲ. ವಾರದ ಕೊನೆಗೆ ಏನು ಮಾಡಲಿ ಅನ್ನೋದು ಮಾತ್ರ ಬಗೆಹರಿದಿಲ್ಲ.

ಕುಂಡದಮಣ್ಣು:

ನನ್ನ ಪೈಪ್‌ಗೆ ಬೈದವರು ಯಾರೂ ಇದಕ್ಕೆ ಉತ್ತರ ಹೇಳ್ತಿಲ್ಲ ನೋಡಿ :) ಒಂದು ಬಕೆಟ್ ನೀರು ಎತ್ತರದಲ್ಲಿಡಿ, ಹತ್ತಿ ಬಟ್ಟೆಯ ಉದ್ದದ ಬತ್ತಿ ಮಾಡಿ, ಒಂದು ತುದಿ ಬಕೆಟ್ ತಳದಲ್ಲಿ, ಇನ್ನೊಂದು ತುದಿ ಕುಂಡದ ಮಣ್ಣಲ್ಲಿ ಮೂರು ಇಂಚು ಒಳಗೆ ಹೂಳಿ. ಬತ್ತಿಯನ್ನು ಪೂರ್ತಿ ಒದ್ದೆ ಮಾಡಿಯೇ ಹಾಕಿ. ಎರಡು ದಿನ ನಿಧಾನಕ್ಕೆ ಎಳೆದುಕೊಳ್ಳುತ್ತೆ. ದೊಡ್ಡ ಗಿಡಕ್ಕೆ ಎರಡು ಬತ್ತಿ. ಹೋಗೋ ವಾರಕ್ಕಿಂತ ಮೊದಲು, ಮನೆಯಲ್ಲಿ ಇರುವಾಗಲೇ ಒಂದು ಸಲ ಹಾಕಿ ನೋಡಿ. ನಾನು ಮೊದಲ ಸಲ ಪರೀಕ್ಷೆ ಮಾಡದೆ ಹೋಗಿ, ಬಂದಾಗ ಬಕೆಟ್ ನೀರೆಲ್ಲಾ ಬತ್ತಿಯ ನಡುವಿನಿಂದ ತೊಟ್ಟಿಕ್ಕಿ ನೆಲದ ಮೇಲಿತ್ತು. ಬತ್ತಿ ನಡುವೆ ಜೋತು ಬೀಳಬಾರದು.

ಸುಮ್ನೆ_ನೆಟ್ಟೆ (24 ದಿನದ ನಂತರ):

ಲೆಕ್ಕ ಕೊಡಲು ಬಂದೆ. ಮೂರು ಗಿಡದಿಂದ ಹದಿನಾರು ಕಾಯಿ ಕಚ್ಚಿವೆ. ಒಂದರ ಬುಡ ಮಾತ್ರ ಸ್ವಲ್ಪ ಕಪ್ಪು, ಅದು ಬತ್ತಿ ಜಾರಿದ ಕುಂಡದ್ದು. ನೊಣ ಹೋದವು. ಈ ಮೂರು ವಾರ ಏನೂ ಹಾಕಲಿಲ್ಲ, ಅದೇ ಕಷ್ಟ ಆಗಿದ್ದು ನಿಜವಾಗಿ, ಚರಟ ಕೈಯಲ್ಲಿ ಹಿಡಿದು ಬಾಲ್ಕನಿ ಬಾಗಿಲವರೆಗೆ ಹೋಗಿ ವಾಪಸ್ ಬಂದಿದ್ದೇನೆ. ಟೂತ್‌ಬ್ರಶ್ ಹಿಡಿದು ಹೂವಿನ ಮುಂದೆ ನಿಂತಿದ್ದನ್ನು ಪಕ್ಕದ ಮನೆಯವರು ನೋಡಿ ಏನೂ ಕೇಳದೆ ಒಳಗೆ ಹೋದರು.

ಎಲೆ ಕಂಕುಳಲ್ಲಿ ಬಂದ ಒಂದು ಚಿಗುರು ಮುರಿದು ನೀರಲ್ಲಿಟ್ಟಿದ್ದೆ, ವಾರಕ್ಕೆ ಬಿಳಿ ಬೇರು ಬಂತು. ಅದನ್ನು 20 ಲೀಟರ್ ಕುಂಡಕ್ಕೆ ಹಾಕಿದ್ದೇನೆ, ಕೆಳಗಿನ ಎಲೆ ತೆಗೆದು ಕಾಂಡ ಅರ್ಧ ಹೂತು.

ಎಲೆ_ಮೊಗ್ಗು:

ಹೂತ ಕಾಂಡದಿಂದಲೂ ಬೇರು ಬರುತ್ತೆ ಅಂತಾರಲ್ಲ, ನಿಜಾನಾ?

ಎರೆಹುಳು:

ನಿಜ. ಟೊಮೆಟೊ ಕಾಂಡದ ಮೇಲೆ ಸಣ್ಣ ಸಣ್ಣ ಗುಳ್ಳೆ ಕಾಣುತ್ತಲ್ಲ, ಅದು ಬೇರಿನ ಮೊಳಕೆ. ಮೆಣಸಿಗೆ ಮಾತ್ರ ಹಾಗೆ ಮಾಡಬೇಡಿ, ಅದು ಇಷ್ಟು ಸುಲಭಕ್ಕೆ ಬೇರು ಬಿಡಲ್ಲ.

ಸುಮ್ನೆ_ನೆಟ್ಟೆ (ಎರಡು ತಿಂಗಳಾಯಿತು):

ಹೊಸ ಗೋಳು. ಮೊದಲ ಹಣ್ಣು ಪೂರ್ತಿ ಕೆಂಪಾಗಲಿ ಅಂತ ಕಾದೆ. ನಾಳೆ ಕೀಳೋಣ ಅಂತ ಮಲಗಿದೆ. ಬೆಳಿಗ್ಗೆ ನೋಡಿದರೆ ಹಕ್ಕಿ ಕುಕ್ಕಿ ಅರ್ಧ ಹಣ್ಣು ಗಿಡದಲ್ಲೇ ನೇತಾಡುತ್ತಿದೆ. ಇನ್ನೊಂದು ಬಿರುಕು ಬಿಟ್ಟಿದೆ.

ತಾರಸಿತೋಟ:

ಗಿಡದಲ್ಲೇ ಪೂರ್ತಿ ಹಣ್ಣಾಗಬೇಕು ಅಂತ ಹಟ ಬೇಡ. ತುದಿಯಲ್ಲಿ ಸ್ವಲ್ಪ ಗುಲಾಬಿ ಬಂತು ಅಂದರೆ ಕೀಳಿ, ಒಳಗೇ ಹಣ್ಣಾಗುತ್ತದೆ, ರುಚಿಗೆ ಹೇಳುವಂಥ ನಷ್ಟ ಇಲ್ಲ. ಬಿಸಿಲಿಗೂ ಇಡಬೇಕಿಲ್ಲ, ಹಣ್ಣಾಗೋಕೆ ಬೆಳಕು ಬೇಡ. ಫ್ರಿಜ್‌ಗೆ ಮಾತ್ರ ಇಡಬೇಡಿ, ಆ ತಣ್ಣಗಿಗೆ ಹಣ್ಣಾಗೋದು ನಿಲ್ಲುತ್ತೆ. ಬಿರುಕು ಬಂದಿದ್ದು ಒಣಗಿದ ಮೇಲೆ ಒಮ್ಮೆಲೇ ನೀರು ಕುಡಿದಿದ್ದಕ್ಕೆ, ನಿಮ್ಮ ಹಳೆಯ ಭಾನುವಾರ ಮತ್ತೆ ಬಂದಿದೆಯಾ?

ಸುಮ್ನೆ_ನೆಟ್ಟೆ:

ಬಂದಿತ್ತು. ಹಬ್ಬದ ರಜೆ, ಮೂರು ದಿನ, ಬಕೆಟ್ ನೀರು ಎರಡೇ ದಿನಕ್ಕೆ ಮುಗಿದಿತ್ತು.

ಇವತ್ತು ಐದು ಕಿತ್ತು ಅಡುಗೆಮನೆ ಕಟ್ಟೆ ಮೇಲೆ ಸಾಲಾಗಿ ಇಟ್ಟಿದ್ದೇನೆ. ನಾಲ್ಕು ಇನ್ನೂ ಹಸಿರು ಹಳದಿ, ಒಂದರ ಮೂತಿ ಮಾತ್ರ ಕೆಂಪು. ಮನೆಯವರು ಹೋಗುತ್ತಾ ಬರುತ್ತಾ ಒತ್ತಿ ನೋಡುತ್ತಿದ್ದಾರೆ, ಬೇಡ ಅಂದರೂ ಕೇಳುತ್ತಿಲ್ಲ.